ಮೇಲಿನ ಹಿಡಿ

ಬೈಲಹೊಂಗಲದ ಪೇಟೆಯಲ್ಲಿ ನಮ್ಮಪ್ಪನದು ಹತ್ತಿಯ ಅಡತಿ ಅಂಗಡಿ. ರೈತರು ತಂದ ಹತ್ತಿಯನ್ನು ವ್ಯಾಪಾರಸ್ಥರಿಗೆ ಮಾರಿಸಿಕೊಡುವುದು ಅವರ ಕೆಲಸ. ಸುಗ್ಗಿ ಬಂತೆಂದರೆ ಚಚಡಿ, ಮುನವಳ್ಳಿ, ಸವದತ್ತಿ ಕಡೆಯಿಂದ ಬಂದ ಹತ್ತಿಯ ದೊಡ್ಡ ಚೀಲಗಳು, ನಮ್ಮ ಕಡೆ ಅಂಡಿಗೆ ಎನ್ನುತ್ತಾರೆ, ಅಂಗಡಿಯ ಮುಂದೆ ಆಳೆತ್ತರ ನಿಲ್ಲುತ್ತಿದ್ದವು. ವ್ಯಾಪಾರಸ್ಥರು ಬಂದು ಬಾಯಿ ಬಿಚ್ಚಿದ ಅಂಡಿಗೆಯಿಂದ ಒಂದು ಹಿಡಿ ತೆಗೆದು, ಎಳೆ ಜಗ್ಗಿ ನೋಡಿ, ದರ ಕೂಗುತ್ತಿದ್ದರು. ಅಪ್ಪ ಮಾತ್ರ ಆ ಮೇಲಿನ ಹಿಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಅಂಗಿಯ ತೋಳನ್ನು ಹೆಗಲಿನವರೆಗೆ ಏರಿಸಿ, ಅಂಡಿಗೆಯೊಳಗೆ ಕಂಕುಳ ಮುಟ್ಟುವಷ್ಟು ಕೈ ತುರುಕಿ, ತಳದಿಂದ ಒಂದು ಹಿಡಿ ಕಿತ್ತು ತರುತ್ತಿದ್ದರು. ಅದನ್ನು ನೋಡಿಯೇ ದರದ ಮಾತು.

"ಮ್ಯಾಲಿನ ಹಿಡಿ ಯಾರದರೆ ಕೆಟ್ಟಿರತೈತೇನು?" ಎನ್ನುತ್ತಿದ್ದರು.

ಸಂಬಂಧಿಕರಿಗೂ ರಿಯಾಯಿತಿ ಇರಲಿಲ್ಲ. ಒಮ್ಮೆ ಅವ್ವನ ಸ್ವಂತ ಅಣ್ಣನ ಅಂಡಿಗೆಯಲ್ಲೇ ಕೈ ತುರುಕಿ, ತಳದಲ್ಲಿದ್ದ ತೇವದ ಹತ್ತಿಯನ್ನು ನಾಲ್ಕು ಜನರ ಮುಂದೆ ಹಿಂಡಿ ತೋರಿಸಿದರು. ಮಾವ ಸಿಟ್ಟಾಗಿ ಬಹಳ ದಿನ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅಪ್ಪನ ಕೈ ಬುಟ್ಟಿಯ ತಳಕ್ಕೇ ಹೋಗುತ್ತಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಬಗ್ಗೆ ಅವರ ಊರಿನ ಕಿರಾಣಿ ಅಂಗಡಿಯವನನ್ನು, ಅವರ ಮನೆಗೆ ಹಾಲು ಹಾಕುವವಳನ್ನು, ಹಜಾಮನನ್ನು ಕೂಡ ವಿಚಾರಿಸಿದ್ದರಿಂದ ಆ ಸಂಬಂಧ ಮುರಿದುಬಿತ್ತು. ನನಗೇನೂ ಬೇಸರವಾಗಲಿಲ್ಲ. ನಾನು ರಸಾಯನಶಾಸ್ತ್ರ ಓದಿ, ಬಿ.ಎಡ್. ಮುಗಿಸಿ, ಸರಕಾರಿ ಶಾಲೆಯ ನೌಕರಿಗೆ ಕಾಯುತ್ತಿದ್ದೆ. ಅಪ್ಪನ ಹಾಗೆಯೇ ನನಗೂ ಬಾಯಿ ಜೋರು, ಮೂಗಿನ ತುದಿಯಲ್ಲೇ ಸಿಟ್ಟು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಸುಗ್ಗಿಯಲ್ಲಿ ಅಪ್ಪ ಮರೆಯತೊಡಗಿದರು. ಅಂಡಿಗೆಯೊಳಗೆ ಕೈ ಹಾಕಿ, ಯಾಕೆ ಹಾಕಿದೆನೆಂದು ತಿಳಿಯದವರಂತೆ ಹಾಗೇ ನಿಂತುಬಿಡುತ್ತಿದ್ದರು. ಗಾದಿಯ ಮೇಲೆ ಕೂತಲ್ಲೇ ತೂಕಡಿಕೆ. ಹಳೆಯ ಗಿರಾಕಿಯನ್ನು "ನೀವು ಯಾವೂರವರ್ರಿ?" ಎಂದು ಕೇಳಿದ್ದರು. ಬೀಡಿಯ ಕೆಮ್ಮಂತೂ ಎಷ್ಟೋ ವರ್ಷದಿಂದ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ವಯಸ್ಸಾಯಿತು ಅಂದರು ಕೆಲವರು, ಪಿತ್ತ ಅಂದರು ಕೆಲವರು. ಊರಿನ ಡಾಕ್ಟರು ರಕ್ತ ನೋಡಿಸಿದರು. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ನೂರಾ ನಲವತ್ತರ ಹತ್ತಿರ ಇರಬೇಕಾದದ್ದು ನೂರಾ ಹದಿನೆಂಟಕ್ಕೆ ಇಳಿದಿತ್ತು. ಎದೆಯ ಎಕ್ಸ್‌ರೇಯಲ್ಲಿ ಒಂದು ನೆರಳು ಕಂಡಿತು. ಬೆಳಗಾವಿಗೆ ಹೊರಟೆವು.

ಬೆಳಗಾವಿಯ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಎದೆಯ ಆ ನೆರಳಿನಿಂದ ಸಣ್ಣ ತುಂಡು ತೆಗೆದು ಪರೀಕ್ಷಿಸಿದ ಮೇಲೆ ನನ್ನನ್ನೂ ಅವ್ವನನ್ನೂ ಕೂಡಿಸಿಕೊಂಡು ಹೇಳಿದರು.

"ಶ್ವಾಸಕೋಶದಾಗ ಗಡ್ಡಿ ಅದ. ಸಣ್ಣ ಕೋಶದ ಕ್ಯಾನ್ಸರ್ ಅಂತೀವಿ. ಹೆಸರು ಸಣ್ಣದು, ಆದ್ರ ಭಾಳ ಜೋರು ಓಡತದ. ಇವರಿಗೆ ಮರವು ಯಾಕ ಬಂತು ಅಂದ್ರ, ಮೈಯಾಗ ನೀರು ಹಿಡದಿಡು ಅಂತ ಮೂತ್ರಪಿಂಡಕ್ಕ ಹುಕುಂ ಕೊಡೋ ಒಂದು ರಸ ಇರತದ. ಅದು ಮೆದುಳಿನ ಕಡಿಂದ ಬರಬೇಕು, ಬೇಕಾದಾಗ ಅಷ್ಟ. ಇವರ ಗಡ್ಡಿನೂ ಅದ ರಸ ಸುರಸಲಿಕ್ಕೆ ಹತ್ತೇದ. ನೀರು ಹೊರಗ ಹೋಗವಲ್ದು, ರಕ್ತದಾಗಿನ ಉಪ್ಪು ತೆಳ್ಳಗಾಗೇದ."

"ಹಂಗಾದ್ರ ಉಪ್ಪು ಇಳಿಯೂದು ಗಡ್ಡಿದ ಗುರುತು ಅಂದಂಗಾತಲ್ರಿ?" ಎಂದು ಕೇಳಿದೆ.

"ಎಲ್ಲಾರೊಳಗೂ ಹಂಗ ಇರಂಗಿಲ್ಲ. ಇವರ ಮಟ್ಟಿಗೆ ಹೌದು. ಗಡ್ಡಿ ಕರಗಿದ್ರ ಈ ನಂಬರ್ ತಾನ ಏರತದ. ತಿರುಗಿ ಬೆಳದ್ರ ಇಳೀತದ."

ನನಗೆ ಆ ಮಾತು ಬಹಳ ಹಿಡಿಸಿತು. ಅಪ್ಪನ ಎದೆಯೊಳಗೆ ಯಾರೂ ಕೈ ಹಾಕಲಾರರು. ಆದರೆ ಒಳಗೇನಿದೆ ಎಂದು ಒಂದು ಚಮಚದಷ್ಟು ರಕ್ತ ಹೇಳುತ್ತದೆ. ಅಪ್ಪನಿಗೆ ಹೀಗೆಂದು ವಿವರಿಸಿದಾಗ, ಆ ಮಂಪರಿನಲ್ಲೂ ಅವರು ನಕ್ಕರು. "ಅಂದ್ರ ಸ್ಯಾಂಪಲ್ ತಗೀತಾರ ಅನ್ನು" ಅಂದರು.

ಕೀಮೋ ಔಷಧ ಕೆಲಸ ಮಾಡುವವರೆಗೆ ನೀರು ಬಹಳ ಕಡಿಮೆ ಕುಡಿಯಬೇಕು, ಜೊತೆಗೆ ಉಪ್ಪಿನ ಗುಳಿಗೆ ನುಂಗಬೇಕು ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಇದಕ್ಕಿಂತ ಕಷ್ಟದ ಪಥ್ಯ ಇನ್ನೊಂದಿರಲಿಲ್ಲ. ಯಾರೇ ಬಂದರೂ ಮೊದಲು ಚರಿಗೆಯಲ್ಲಿ ನೀರು ಕೊಟ್ಟೇ ಮಾತಿಗೆ ಕೂರುವ ಮನೆ ನಮ್ಮದು. ಕಾಯಿಲೆಯವರನ್ನು ನೋಡಲು ಬರುವವರೆಲ್ಲ ಎಳನೀರು ತರುತ್ತಿದ್ದರು. ನಾನು ಅವನ್ನೆಲ್ಲ ಕಸಿದುಕೊಂಡು ಅವರಿಗೇ ಕುಡಿಸಿ ಕಳಿಸುತ್ತಿದ್ದೆ. "ಬಾಗಲಿಗೆ ಬಂದ ನಾಯಿಗೂ ನೀರ ಇಡತೀವಿ, ಗಂಡಗ ಅಳದು ಕೊಡು ಅಂತೀಯಲ್ಲಾ" ಎಂದು ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ ತಕರಾರು ಮಾಡಲಿಲ್ಲ. ನಂಬರ್ ಮೆಲ್ಲಗೆ ಏರಿತು. ತಲೆ ತಿಳಿಯಾದ ಹಾಗೆ ಅವರಿಗೆ ಅದರಲ್ಲಿ ವ್ಯಾಪಾರದ ಗಮ್ಮತ್ತು ಕಾಣತೊಡಗಿತು. ಸೋಡಿಯಂಗೆ ಅವರೇ 'ದರ' ಎಂದು ಹೆಸರಿಟ್ಟರು.

"ನೀರ ಕಡಿಮಿ ಮಾಡಿ ಉಪ್ಪ ಹೆಚ್ಚ ಮಾಡಿದ್ರ ದರ ಏರತೈತಿ. ತಿಳೀತ ತಗೋ" ಅಂದಿದ್ದರು ಒಂದು ದಿನ. ಎಲ್ಲರೂ ನಕ್ಕಿದ್ದೆವು.

ಕೀಮೋ ಮುಗಿಯುವ ಹೊತ್ತಿಗೆ ಅಪ್ಪನ ತಲೆಗೂದಲು ಹೋಗಿ, ಬಿಳಿ ಟೋಪಿ ಕಿವಿಯವರೆಗೆ ಇಳಿಯುತ್ತಿತ್ತು. ಆದರೆ ಎದೆಯ ನೆರಳು ಬಹುಮಟ್ಟಿಗೆ ಕರಗಿತ್ತು. ಡಾಕ್ಟರು ಉಪ್ಪಿನ ಗುಳಿಗೆ ನಿಲ್ಲಿಸಿ, ನೀರಿನ ನಿರ್ಬಂಧ ತೆಗೆದರು. ಆಮೇಲೂ ನಂಬರ್ ತಾನಾಗಿ ಸರಿಯಾಗಿ ನಿಂತಿತು. ಔಷಧ ಹತ್ತಿದ್ದಕ್ಕೆ ಅದೇ ಸಾಕ್ಷಿ ಎಂದರು.

"ಈ ಕಾಯಿಲೆ ತಿರುಗಿ ಬರೋ ಚಾಳಿದು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡೂಣು. ನಡುವ ಹದಿನೈದು ದಿನಕ್ಕೊಮ್ಮೆ ನಿಮ್ಮ ಊರಾಗ ಸೋಡಿಯಂ ನೋಡಸ್ರಿ. ಮುಂಬೈಗೆ ಕಳಿಸೋ ಬ್ಯಾರೆ ರಕ್ತಪರೀಕ್ಷೆನೂ ಅದಾವ, ಆದ್ರ ಇವರಿಗೆ ಇದ ಹತ್ತರದ್ದು. ಇಳೀಲಿಕ್ಕೆ ಹತ್ತಿತು ಅಂದ್ರ ಆ ದಿನಾನ ಬರ್ರಿ. ಲಗೂನ ಹಿಡದ್ರ ಎರಡನೇ ಔಷಧ ಹಾಕಲಿಕ್ಕೆ ಮೈಯಾಗ ತಾಕತ್ತು ಇರತದ." ಅಪ್ಪನ ಕಡೆ ತಿರುಗಿ ಹೇಳಿದರು: "ಪರೀಕ್ಷೆ ಅದ ಅಂತ ಏನೂ ಬ್ಯಾರೆ ಮಾಡಬ್ಯಾಡ್ರಿ ಕಾಕಾ. ದಿನಾ ಹೆಂಗ ಉಣತೀರಿ, ಹೆಂಗ ಕುಡೀತೀರಿ, ಹಂಗ ಇರ್ರಿ. ಅಂದ್ರನ ಆ ನಂಬರ್ ಖರೇ ಹೇಳತದ."

ಅಪ್ಪ ತಲೆಯಾಡಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ.

ಅದೇ ಹೊತ್ತಿಗೆ ನನ್ನ ನೌಕರಿಯ ಆದೇಶ ಬಂತು. ರಾಮದುರ್ಗದ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆ. ಅಪ್ಪ ಪೇಡೆ ತರಿಸಿ ಇಡೀ ಪೇಟೆಗೆ ಹಂಚಿದರು. ನಾನು ಹೋಗುವುದಿಲ್ಲವೆಂದು ಹಟ ಹಿಡಿದೆ. ಮನೆಯಲ್ಲಿ ಕಾಯಿಲೆಯ ಮನುಷ್ಯನನ್ನು ಬಿಟ್ಟು ಅಷ್ಟು ದೂರ ಹೋಗಿ ಯಾರಿಗೆ ಪಾಠ ಹೇಳಲಿ? ಎರಡು ದಿನ ಜಗಳವಾಯಿತು. ಕೊನೆಗೆ ಊಟಕ್ಕೆ ಕೂತಾಗ ನಾನೇ ಒಂದು ಕರಾರು ಹಾಕಿದೆ.

"ದರ ಛಲೋ ಇರೂತನಾ ಹೋಗತೇನಿ. ಇಳೀತು ಅಂದ್ರ ಅವತ್ತ ನೌಕರಿ ಬಿಟ್ಟ ಬರತೇನಿ. ಆಮ್ಯಾಲ ಹೋಗು ಅಂದ್ರ ಕೇಳಾಂಗಿಲ್ಲ."

"ಆತ ಬಿಡವಾ" ಅಂದರು ಅಪ್ಪ. ರೊಟ್ಟಿ ಮುರಿಯುತ್ತಿದ್ದ ಕೈ ಒಂದು ಕ್ಷಣ ನಿಂತದ್ದು ನನಗೆ ಈಗ ನೆನಪಾಗುತ್ತದೆ. ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ, ಖಾತ್ರಿಯಿಲ್ಲ.

ರಾಮದುರ್ಗದಲ್ಲಿ ಒಂದು ಕೋಣೆ ಹಿಡಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ, ಸವದತ್ತಿಯಲ್ಲಿ ಇನ್ನೊಂದು ಬಸ್ಸು ಹಿಡಿದು, ಬೈಲಹೊಂಗಲಕ್ಕೆ ಬರುತ್ತಿದ್ದೆ. ಸೋಮವಾರ ನಸುಕಿನಲ್ಲಿ ಮತ್ತೆ ಹೊರಡುತ್ತಿದ್ದೆ. ಅಪ್ಪ ರಕ್ತ ಕೊಟ್ಟ ದಿನ ಮಲಪ್ರಭೆಯ ಸೇತುವೆಯ ಹತ್ತಿರದ ಎಸ್‌ಟಿಡಿ ಅಂಗಡಿಯಿಂದ ಫೋನು ಮಾಡಿದರೆ ಅಪ್ಪನೇ ಎತ್ತುತ್ತಿದ್ದರು.

"ದರ ಏನ್ರಿ ಇವತ್ತ?"

"ನೂರಾ ಮೂವತ್ತೊಂಬತ್ತು! ಪೇಟಿ ತೇಜಿ ಐತಿ!"

ದರ ಏರಿದಾಗ ಪೇಟೆಯಲ್ಲಿ ಕೂಗುವ ಆ ಧ್ವನಿ ಕೇಳಿ ನಾನು ಕುಣಿಯುತ್ತ ಕೋಣೆಗೆ ಹೋಗುತ್ತಿದ್ದೆ. ಮಕ್ಕಳಿಗೆ ಪಾಠ ಹೇಳುವುದರಲ್ಲಿ ನನಗೆ ಅಂಥ ಖುಷಿ ಸಿಗುತ್ತದೆಂದು ನಾನು ಎಣಿಸಿರಲೇ ಇಲ್ಲ. ಚಿಟಿಕೆ ಉಪ್ಪನ್ನು ಜ್ವಾಲೆಗೆ ಹಿಡಿದರೆ ಜ್ವಾಲೆ ಹಳದಿಯಾಗುವುದನ್ನು ತೋರಿಸಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಉಪ್ಪನ್ನು ಅಳೆಯುವುದೂ ಹೀಗೆಯೇ ಎಂದು ಹೇಳಿಕೊಡುತ್ತಿದ್ದೆ. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದವು. ಅಪ್ಪನ ಸುದ್ದಿಯನ್ನು ಅವಕ್ಕೆ ಹೇಳಲಿಲ್ಲ, ಆದರೆ ಹಳದಿ ಜ್ವಾಲೆ ಕಂಡಾಗಲೆಲ್ಲ ನನಗೆ ಧೈರ್ಯ ಬರುತ್ತಿತ್ತು.

ಬೇಸಿಗೆ ಹತ್ತಿರವಾದಂತೆ ಅಪ್ಪನ ತುಟಿಗಳು ಒಡೆದು ಕಪ್ಪಾದವು. ಬಿಸಿಲು ಅಂದರು. ಅಂಗಿ ಮತ್ತೆ ಸಡಿಲವಾಯಿತು. ಬಾಯಿಗೆ ರುಚಿಯಿಲ್ಲ, ಕೀಮೋದ ಉಳಿಕೆ ಅಂದರು. ಒಂದು ಭಾನುವಾರ ಹಿತ್ತಲಲ್ಲಿ ಅವರು ಚರಿಗೆಯ ನೀರನ್ನು ಬಾಯಿಗೆ ತುಂಬಿ, ಮುಕ್ಕಳಿಸಿ, ಪೂರಾ ಉಗುಳಿ, ಮತ್ತೆ ತುಂಬಿ, ಮತ್ತೆ ಉಗುಳುವುದನ್ನು ಕಂಡೆ. "ಕುಡೀಬಾರದೇನ್ರಿ ಅಪ್ಪಾ?" ಅಂದರೆ, "ಬಾಯಿ ಕಹಿ ಆಗೇತಿ, ತೊಳಕೊಳ್ಳಾಕ ಹತ್ತೀನಿ" ಅಂದರು. ಮುಂದಿನ ಸ್ಕ್ಯಾನಿನ ದಿನ ಬಂದಾಗ ಪೇಟೆಯ ಗಡಿಬಿಡಿಯೆಂದು ನೆಪ ಹೇಳಿ, ದರ ಇಷ್ಟು ಛಲೋ ಇರುವಾಗ ಅವಸರವೇನೆಂದು ಡಾಕ್ಟರಿಂದ ಒಂದು ತಿಂಗಳ ಮುಂದೂಡಿಕೆ ಗಿಟ್ಟಿಸಿಕೊಂಡರು. ಡಾಕ್ಟರು ಒಪ್ಪಿದ್ದು ಆ ನಂಬರ್ ನೋಡಿಯೇ. ನಾವೆಲ್ಲರೂ ಆ ನಂಬರ್ ನೋಡಿಯೇ ಹಾಯಾಗಿದ್ದೆವು.

ಆ ತಿಂಗಳು ಮುಗಿಯುವ ಮುನ್ನವೇ ಅಪ್ಪ ಅಂಗಡಿಯಲ್ಲಿ ಬಿದ್ದರು. ಕೈಕಾಲು ಸೆಳೆದು, ಬಾಯಿಂದ ನೊರೆ ಬಂದಿತ್ತಂತೆ. ಹಮಾಲರು ಎತ್ತಿ ಜೀಪಿಗೆ ಹಾಕಿಕೊಂಡು ಬೆಳಗಾವಿಗೆ ಒಯ್ದರು. ಶಾಲೆಯ ಫೋನಿಗೆ ಸುದ್ದಿ ಬಂದು ನಾನು ಅಲ್ಲಿಗೆ ತಲುಪಿದಾಗ ಡಾಕ್ಟರು ಅವ್ವನ ಮುಂದೆ ಎರಡು ವರದಿ ಹಿಡಿದು ನಿಂತಿದ್ದರು. ಒಂದು ವಾರದ ಹಿಂದಷ್ಟೇ ನಮ್ಮ ಊರಿನಲ್ಲಿ ಮಾಡಿಸಿದ್ದು ಚೆನ್ನಾಗಿತ್ತು. ಈಗಿನದು ಮೊದಲ ಸಲಕ್ಕಿಂತಲೂ ಕೆಳಗೆ ಇಳಿದಿತ್ತು. ಸ್ಕ್ಯಾನಿನಲ್ಲಿ ಯಕೃತ್ತಿನ ತುಂಬ ಗಡ್ಡೆಗಳು, ತಲೆಯಲ್ಲೂ ಒಂದು.

"ಇದು ಒಂದು ವಾರದಾಗ ಬೆಳದದ್ದಲ್ಲ. ಎರಡು ತಿಂಗಳರೆ ಆಗಿರಬೇಕು. ಹಂಗಾದ್ರ ಆ ನಂಬರ್ ಹೆಂಗ ಛಲೋ ಬಂತು?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜಕ್ಕೂ ತಿಳಿಯದಾಗಿತ್ತು.

ಅವ್ವ ನನ್ನ ಕಡೆ ತಿರುಗಿದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ನಾನು ರಾಮದುರ್ಗಕ್ಕೆ ಹೋದ ಕೆಲವೇ ತಿಂಗಳಲ್ಲಿ ಒಮ್ಮೆ ದರ ಸ್ವಲ್ಪ ಇಳಿದಿತ್ತಂತೆ. ಅಪ್ಪ ನನಗೆ ಫೋನಿನಲ್ಲಿ ಏರಿಸಿ ಹೇಳಿ, ಆ ವರದಿಯನ್ನು ಮುಚ್ಚಿಟ್ಟರು. ಮುಂದಿನ ಸಲ ವರದಿಯೇ ಏರಬೇಕಲ್ಲ, ನಾನು ಬಂದಾಗ ಕಾಗದ ನೋಡುತ್ತೇನಲ್ಲ. ಅದಕ್ಕೆ ರಕ್ತ ಕೊಡುವ ನಾಲ್ಕೈದು ದಿನ ಮೊದಲಿನಿಂದ ನೀರು ಕುಡಿಯುವುದನ್ನೇ ಬಿಡುತ್ತಿದ್ದರು. ಒಣರೊಟ್ಟಿಗೆ ಉಪ್ಪಿನಕಾಯಿ, ಅದು ಸಾಲದೆ ಉಪ್ಪಿನ ಹರಳನ್ನೇ ಬಾಯಿಗೆ ಹಾಕಿಕೊಂಡು ಚೀಪುವುದು. ನೀರಡಿಕೆ ತಡೆಯದಾದಾಗ ಮುಕ್ಕಳಿಸಿ ಉಗುಳುವುದು. ಪರೀಕ್ಷೆ ಮುಗಿದ ಮೇಲೆ ಮನೆಗೆ ಬಂದು ಕೊಡದ ಮುಂದೆ ಕೂತು ಕುಡಿದದ್ದೇ ಕುಡಿದದ್ದು. ಹಾಗೆ ಕುಡಿದು ಕುಡಿದೇ ಈ ಸಲ ಉಪ್ಪು ಒಮ್ಮೆಲೇ ಕುಸಿದಿತ್ತು.

"ಹೇಳಬೇಕಂತ ಎಷ್ಟ ಸಲ ಬಾಯಿಗೆ ಬಂತವಾ. ನಿನ್ನ ಮ್ಯಾಲ ಆಣಿ ಹಾಕಿಸಿದ್ರು. ಮಗಳ ಮ್ಯಾಲಿನ ಆಣಿ ಹೆಂಗ ಮುರೀಲಿ?" ಅಂದಳು ಅವ್ವ.

ಅವ್ವನ ಮೇಲೆ ಕೂಗಾಡಿದೆ. ಆಸ್ಪತ್ರೆಯ ವರಾಂಡದಲ್ಲಿ ಜನ ತಿರುಗಿ ನೋಡುವಷ್ಟು ಕೂಗಾಡಿದೆ. ಹೊಸ ಔಷಧ ಹಾಕಬಹುದೇ ಎಂದು ಡಾಕ್ಟರನ್ನು ಕೇಳಿದೆ. ಈಗ ಮೈ ತಾಳುವುದಿಲ್ಲ ಎಂದರು. ಎರಡು ತಿಂಗಳ ಹಿಂದೆ ಬಂದಿದ್ದರೆ ಉಳಿಯುತ್ತಿದ್ದರೇ? ಡಾಕ್ಟರು ಸುಳ್ಳು ಹೇಳುವ ಮನುಷ್ಯರಲ್ಲ. "ಉಳೀತಿದ್ರು ಅಂತ ಹೇಳಲಾರೆ. ಕೆಲವು ತಿಂಗಳು ಸಿಗತಿದ್ದು. ಛಲೋ ತಿಂಗಳು" ಅಂದರು.

ಆ ಛಲೋ ತಿಂಗಳುಗಳ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಪ್ಪನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಮುಚ್ಚಿಡುವುದೇಕೆ. ನೌಕರಿ ನನ್ನದು, ಅಪ್ಪ ನನ್ನವರು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನನ್ನನ್ನು ಒಂದು ಮಾತು ಕೇಳಲಿಲ್ಲ. ಊರೆಲ್ಲರ ಅಂಡಿಗೆಯ ತಳಕ್ಕೆ ಕೈ ಹಾಕಿದ ಮನುಷ್ಯ, ತನ್ನ ಮಗಳಿಗೆ ಮಾತ್ರ ಮೇಲಿನ ಹಿಡಿಯನ್ನೇ ತೋರಿಸುತ್ತ ಬಂದರು. ನಾನು ಅದನ್ನು ನಂಬಿ ಪ್ರತಿ ಸೋಮವಾರ ನಗುನಗುತ್ತ ಬಸ್ಸು ಹತ್ತಿದೆ.

ಕೆಲವು ವರ್ಷಗಳ ಮೇಲೆ ಪತ್ರಿಕೆಗಳಲ್ಲಿ 'ಜೈವಿಕ ಸೂಚಕ' ಎಂಬ ಮಾತು ಬರತೊಡಗಿತು. ರಕ್ತದ ಹನಿಯೊಂದರಲ್ಲಿ ಗಡ್ಡೆಯ ಜಾತಿ, ಅದರ ಓಟ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನೆಲ್ಲ ಓದುವ ದಿನ ದೂರವಿಲ್ಲ ಎಂದು ಬರೆಯುತ್ತಿದ್ದರು. ಅಂಥ ಲೇಖನ ಕಂಡರೆ ಕತ್ತರಿಸಿ ಶಾಲೆಯ ಫಲಕಕ್ಕೆ ಅಂಟಿಸುತ್ತೇನೆ. ಮಕ್ಕಳಿಗೆ ವಿವರಿಸಿಯೂ ಹೇಳುತ್ತೇನೆ. ಹೇಳುವಾಗ ಮಾತ್ರ, ಆ ಹನಿ ಕೊಡುವ ಮುನ್ನ ಮನುಷ್ಯ ಮನೆಯಲ್ಲಿ ಏನು ಮಾಡಿ ಬಂದಿರುತ್ತಾನೋ ಎಂಬ ಯೋಚನೆ ಬಂದು ಮಾತು ತಡವರಿಸುತ್ತದೆ.

ಆಗ ಬೆಳಗಾವಿಯ ಆಸ್ಪತ್ರೆಯಲ್ಲಿ ಸಲೈನು ಮೈಗೆ ಹೋದ ಮೇಲೆ ಎರಡು ದಿನ ಅಪ್ಪನಿಗೆ ಬುದ್ಧಿ ತಿಳಿಯಾಗಿತ್ತು. ನಾನು ಮಂಚದ ಪಕ್ಕದಲ್ಲೇ ಕೂತಿದ್ದೆ. ಸಿಟ್ಟು ತಡೆಯದೆ ಕೇಳಿಯೇಬಿಟ್ಟೆ.

"ಯಾಕ ಹಿಂಗ ಮಾಡಿದ್ರಿ ಅಪ್ಪಾ?"

"ನೌಕರಿ ಬಿಟ್ಟ ಬರತೇನಿ ಅಂದಿದ್ದಿಯಲ್ಲಾ. ನೀ ಹೇಳಿದ್ರ ಮಾಡಾಕಿನ. ನನಗ ಗೊತ್ತಿಲ್ಲೇನು?"

"ನಿಮಗ ನನಗಿಂತ ನೌಕರಿ ದೊಡ್ಡದಾತ?"

"ನಾ ಹೆಂಗೂ ಹೋಗಾಂವ. ನೌಕರಿ ಇರತೈತಿ" ಅಂದರು. ಪೇಟೆಯಲ್ಲಿ ಸೌದಾ ಮುಗಿಸುವಾಗಿನ ಧ್ವನಿಯೇ ಅದು. ಅದರ ಮುಂದೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

ಮರುದಿನದಿಂದ ನುಂಗುವುದು ಕಷ್ಟವಾಯಿತು. ಕುಡಿಸಿದ ನೀರು ಶ್ವಾಸನಾಳಕ್ಕೆ ಹೋಗುತ್ತದೆ, ಕುಡಿಸಬೇಡಿ ಎಂದರು ನರ್ಸಮ್ಮ. ಬೇಕೆಂದಾಗ ಹತ್ತಿಯನ್ನು ಒದ್ದೆ ಮಾಡಿ ತುಟಿ ಸವರಿ ಎಂದು ನೀಲಿ ಕಾಗದದಲ್ಲಿ ಸುತ್ತಿದ ಹತ್ತಿಯ ಉರುಳೆಯೊಂದನ್ನು ಕೊಟ್ಟುಹೋದರು. ಮಧ್ಯಾಹ್ನ ಅಪ್ಪ ಕಣ್ಣು ತೆರೆದು ನನ್ನನ್ನೇ ನೋಡಿದರು. ಹೇಗಿದ್ದೀರಿ ಎಂದು ಕೇಳಿದೆ. ಯಾವಾಗಲೂ ಬರುತ್ತಿದ್ದ 'ಛಲೋ ಅದೇನಿ' ಈ ಸಲ ಬರಲಿಲ್ಲ.

"ನೀರಡಿಕಿ ಆಗೇತವಾ" ಅಂದರು.

ಅಷ್ಟು ತಿಂಗಳಲ್ಲಿ ತಮ್ಮ ಮೈಯ ಬಗ್ಗೆ ಅವರು ನನಗೆ ಹೇಳಿದ ಒಂದೇ ಒಂದು ನಿಜ ಅದು. ಅದು ಬಂದಾಗ ನನ್ನ ಕೈಯಲ್ಲಿ ಒಂದು ಗುಟುಕು ನೀರು ಕೊಡುವ ಅಧಿಕಾರವೂ ಉಳಿದಿರಲಿಲ್ಲ. ಉರುಳೆಯ ಕಾಗದ ಬಿಚ್ಚಿ, ಕೈಗೆ ಬಂದಷ್ಟು ಹತ್ತಿ ಹರಿದು, ಲೋಟದಲ್ಲಿ ಅದ್ದಿ ಅವರ ತುಟಿಯ ಮೇಲಿಟ್ಟೆ. ಅವರು ಅದನ್ನು ಮೆಲ್ಲಗೆ ಚೀಪಿದರು. ಆಮೇಲೆ ನಾಲಿಗೆಯಿಂದ ಎಳೆಯನ್ನು ತಡವಿ ನೋಡಿದರು. ಆ ಸ್ಥಿತಿಯಲ್ಲೂ ಅವರ ಹುಬ್ಬು ಪೇಟೆಯಲ್ಲಿ ಏರುವ ಹಾಗೆಯೇ ಏರಿತು.

"ಮ್ಯಾಲಿಂದೋ, ತಳದಾಗಿಂದೋ?"

ನನ್ನ ಕಣ್ಣು ತುಂಬಿ ಅವರ ಮುಖ ಕಾಣುತ್ತಿರಲಿಲ್ಲ.

"ತಳದಾಗಿಂದರಿ ಅಪ್ಪಾ" ಅಂದೆ.

ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ನಾನು ಹರಿದದ್ದು ಮೇಲಿನದನ್ನೇ.